ಮೂರನೆಯ ಅಂಕ

ಮನಾಮಾ, ಗುದೈಬಿಯಾ. ಖುಬೂಸ್ ಭಟ್ಟಿಯ ಮೇಲಿನ ಕೋಣೆ.
ನೆಲದ ಬಿಸಿ ಚಪ್ಪಲಿಯೊಳಗೂ ಬರುತ್ತದೆ.
ಎಸಿಯ ನೀರು ಬಕೆಟ್ಟಿಗೆ ಬೀಳುವ ತಾಳದಲ್ಲಿ
ನಾವು ಮೂವರು ಪದಗಳಿಗೆ ಅಂಕ ಹಾಕುತ್ತೇವೆ:
ಸೊನ್ನೆಯ ಈಚೆ ನಾಲ್ಕು ಸುಖ, ಆಚೆ ನಾಲ್ಕು ದುಃಖ.
ಪದವೊಂದಕ್ಕೆ ಹತ್ತು ಫಿಲ್ಸ್.

ಟೈರಿನ ಗೋದಾಮು ಮುಗಿಸಿ ಬರುವ ಸಿಪ್ರಿಯನ್,
ಮನೆಗೆಲಸ ಮುಗಿಸಿ ಬರುವ ಹವ್ವಮ್ಮ,
ಮತ್ತೆ ನಾನು, ಹಗಲೆಲ್ಲ ವೀಸಾ ಅರ್ಜಿ ಟೈಪು ಮಾಡುವವಳು.
ಮೂವರಲ್ಲಿ ಇಬ್ಬರು ಕನ್ನಡವನ್ನು ಶಾಲೆಯಲ್ಲಿ ಕಲಿತವರು.
ಅಂಕ ಕೂಡಿಸಿ, ಮೂರರಿಂದ ಭಾಗಿಸಿ
ಕಳಿಸಿದರೆ
ಯಾವ ಮಾತಿಗೆ ಎದೆ ಎಷ್ಟು ಬಡಿಯುತ್ತದೆಂದು
ಯಂತ್ರಕ್ಕೆ ತಿಳಿಯುವುದಂತೆ.
ನಶ್ವಾ ಮೇಡಂ ಹೇಳಿದ್ದು. ಕೈರೋದವರು, ಕೆಟ್ಟವರಲ್ಲ.

ಮೊದಲ ವಾರ ಬರೀ ನಗು.
'ತಣ್ಣಗೆ'ಗೆ ಯಂತ್ರ ತಾನೇ ಊಹಿಸಿತ್ತು, ಮೈನಸ್ ಎರಡು.
ಯಾವುದೋ ಹಿಮ ಬೀಳುವ ಊರಲ್ಲಿ ಕಲಿತ ಬುದ್ಧಿ.
ಹೊರಗೆ ನಲವತ್ತಾರು ಡಿಗ್ರಿ.
ನಿನ್ನ ಹೊಟ್ಟೆ ತಣ್ಣಗಿರಲಿ ಅಂದವರನ್ನು
ಅದು ಶಾಪ ಹಾಕುವವರ ಪಂಕ್ತಿಯಲ್ಲಿ ಕೂರಿಸಿತ್ತು.
ತಿದ್ದಿದೆವು.

ಬಳೆ ಹೆಚ್ಚಿತು ಅಂದರೆ ಲಾಭವೆಂದುಕೊಂಡಿತ್ತು.
ಒಡೆಯಿತು ಅನ್ನಬಾರದು, ಅದಕ್ಕೇ ಹೆಚ್ಚಿತು ಅನ್ನುತ್ತೇವೆಂದು
ಇಂಗ್ಲಿಷಿನಲ್ಲಿ ಬರೆದು ಕಳಿಸಲು ಅರ್ಧ ರಾತ್ರಿ ಹಿಡಿಯಿತು.
ಡಬ್ಬಿ ಖಾಲಿಯಾದರೆ ಅಕ್ಕಿ ಹೆಚ್ಚಾಗಿದೆ,
ಆರಿಸುವಾಗ ದೀಪ ದೊಡ್ಡದು ಮಾಡು.
ನಶ್ವಾ ಕೇಳಿದರು:
ಇಲ್ಲವನ್ನು ಇಲ್ಲ ಅನ್ನುವ ಅಭ್ಯಾಸವೇ ಇಲ್ಲವೇ ನಿಮಗೆ?

'ಸಾಕು' ಬಂದಾಗ ಜಗಳ.
ಬಟ್ಟಲಿಗೆ ಕೈ ಅಡ್ಡ ಹಿಡಿಯುವ ತೃಪ್ತಿ, ಪ್ಲಸ್ ಎರಡು, ಸಿಪ್ರಿಯನ್.
ಸಂಸಾರದ ಕೊನೆಯ ಮಾತು, ಮೈನಸ್ ಮೂರು, ನಾನು.
ಹವ್ವಮ್ಮ ಉಗುರಿಗಂಟಿದ ಸೋಪು ಕೆರೆಯುತ್ತ:
ಹನ್ನೊಂದು ವರ್ಷದಲ್ಲಿ ಇಲ್ಲಿ ಮೂರು ಮಕ್ಕಳನ್ನು ಸಾಕಿದೆ.
ಒಂದೂ ನನ್ನದಲ್ಲ.
ಆ ಸಾಕುವುದಕ್ಕೆ ಎಷ್ಟು?

ಆಮೇಲೆ 'ಆಯ್ತು' ಬಂತು.
ಸಿಪ್ರಿಯನ್ ಸೊನ್ನೆ. ನಾನೂ ಸೊನ್ನೆ.
ಅದೇನು ಪದವೇ, ಹೂಂಗುಟ್ಟಿದ್ದಕ್ಕೆ ಕೊಡುವ ರಸೀದಿ.
ಹವ್ವಮ್ಮ ಮೈನಸ್ ನಾಲ್ಕು.
ಕೈ ತಪ್ಪಿರಬೇಕೆಂದು ಮತ್ತೆ ಕೊಟ್ಟೆ.
ಮೈನಸ್ ನಾಲ್ಕು.
ಬೇರೆ ದಿನ, ಪಪ್ಪಾಯಿ, ಪೆಟ್ಟಿಗೆ, ಪೊರಕೆಯ ನಡುವೆ ಅಡಗಿಸಿ:
ಮೈನಸ್ ನಾಲ್ಕು.

ಯಾಕೆಂದು ಕೇಳುವುದು ನಿಯಮದಲ್ಲಿಲ್ಲ.
ಅವಳೇ ಒಂದು ಸಂಜೆ
ಶಮಾಲ್ ಧೂಳಿಗೆ ಕಿಟಕಿ ಎಳೆಯುತ್ತ ಅಂದಳು:
ಉಮ್ಮ ದೇರಳಕಟ್ಟೆಯ ಆಸ್ಪತ್ರೆಯಲ್ಲಿದ್ದರು.
ತಮ್ಮನ ಫೋನನ್ನು ವಾರ್ಡಿನ ಸಿಸ್ಟರ್ ಎತ್ತಿದಳು.
ಇಲ್ಲಿ ಕಫೀಲನ ಮನೆಯಲ್ಲಿ ಮದುವೆ, ಡೋಲಿನ ಸದ್ದು,
ಕೇಳಿಸಿದ್ದು ಅದೊಂದೇ. ಆಯ್ತು.
ಬ್ಯಾರಿಯಲ್ಲಿ ಅಂದಿದ್ದರೆ ದನಿ ಹಿಡಿಯುತ್ತಿದ್ದೆನೋ ಏನೋ.
ಬಿಲ್ಲು ಕಟ್ಟಿ ಆಯ್ತು ಅಂತ ತಿಳಿದು
ಒಳ್ಳೆಯದಾಯ್ತು ಅಂದುಬಿಟ್ಟೆ.

ನಿಯಮದಲ್ಲಿರುವುದು ಇಷ್ಟು:
ಇಬ್ಬರು ಒಪ್ಪಿ ಒಬ್ಬರು ದೂರ ನಿಂತರೆ
ದೂರದ್ದನ್ನು ಅಳಿಸಿ.

ಅಳಿಸಿದೆ.
ಹಸಿರು ಗುರುತು ಬಂತು. ಒಮ್ಮತ ನೂರಕ್ಕೆ ನೂರು.
ಅಳಿಸಿದ ಅಂಕಕ್ಕೂ ಹತ್ತು ಫಿಲ್ಸ್ ಸಿಗುತ್ತದೆ, ಅದೊಂದು ಪುಣ್ಯ.

ರಾತ್ರಿ ಕುಂದಾಪುರದ ಹಾಸ್ಟೆಲಿನಿಂದ ಮಗಳು.
ಊಟ ಆಯ್ತಾ?
ಆಯ್ತು, ಅಂದೆ. ಆಗಿರಲಿಲ್ಲ.
ನಿನ್ನದು?
ಆಯ್ತು, ಅಂದಳು.
ಮಾತಿನ ಕೊನೆಗೆ ಏನೋ ಸಿಕ್ಕಿಕೊಂಡ ಹಾಗಿತ್ತು,
ಉಸಿರೋ, ನೆಟ್‌ವರ್ಕೋ.

ಕೆಳಗೆ ಭಟ್ಟಿಯವನು ಷಟರ್ ಎಳೆದ.
ಬಕೆಟ್ಟು ತುಂಬಿತ್ತು, ಚೆಲ್ಲಿ ಬಂದೆ.
ಕಡತ ತೆರೆದು, 'ಆಯ್ತು' ಹುಡುಕಿ,
ಮೂಲೆಯಲ್ಲಿ ಷರಾ ಬರೆಯಲು ಬಿಟ್ಟ ಚೌಕದಲ್ಲಿ
ಬೆರಳಿಟ್ಟೆ. ಎಂಬತ್ತು ಅಕ್ಷರ ಹಿಡಿಯುತ್ತದಂತೆ.
ಯಾರು ಅಂದರು, ಯಾರಿಗೆ, ಎಷ್ಟು ದೂರದಿಂದ,
ಕೇಳಿದವಳು ಆಗ ಯಾರ ಮದುವೆಯ ತಟ್ಟೆ ತೊಳೆ